ಮೊದಲು ನೀರು ಹದ ಮಾಡಿ, ಆಮೇಲೆ ಕಾಡು ಬೆಟ್ಟಾ ಮೀನು ತನ್ನಿ

ಅಂಗಡಿಯ ಗಾಜಿನ ಲೋಟಗಳಲ್ಲಿ ರೆಕ್ಕೆ ಬಿಚ್ಚಿ ನಿಂತಿರುವ ಬಣ್ಣಬಣ್ಣದ ಬೆಟ್ಟಾ (ಫೈಟರ್) ಮೀನು ಒಂದೇ ಒಂದು ಪ್ರಭೇದದ ಸಾಕುತಳಿ. ಆಗ್ನೇಯ ಏಷ್ಯಾದ ಹಳ್ಳ, ಗದ್ದೆ, ಜೌಗು ಕಾಡುಗಳಲ್ಲಿ ಇದರ ಬಳಗದ ಎಪ್ಪತ್ತಕ್ಕೂ ಹೆಚ್ಚು ಕಾಡು ಪ್ರಭೇದಗಳಿವೆ. ಅವುಗಳಲ್ಲಿ ಅಪರೂಪದವು ಹೆಚ್ಚಾಗಿರುವುದು ಬೋರ್ನಿಯೊ, ಸುಮಾತ್ರಾ, ಮಲೇಷ್ಯಾದ ಪೀಟ್ (ಅರೆಕೊಳೆತ ಸಸ್ಯಗಳ ಪದರ) ಜೌಗಿನಲ್ಲಿ. ಕಾಲುವೆ ತೋಡಿ ಜೌಗಿನ ನೀರು ಬಸಿದು, ಬೆಂಕಿ ಹಾಕಿ, ತಾಳೆಎಣ್ಣೆ ತೋಟ ಎಬ್ಬಿಸುತ್ತಿರುವುದರಿಂದ ಈ ಮೀನುಗಳ ನೆಲೆ ವರ್ಷವರ್ಷಕ್ಕೂ ಕರಗುತ್ತಿದೆ. ಹಾಗಾಗಿ ಸಾಕುವವರ ತೊಟ್ಟಿಯಲ್ಲಿ ಶುದ್ಧವಾಗಿ ಉಳಿದ ಒಂದೊಂದು ತಳಿಗೂ ಬೆಲೆಯಿದೆ. ತಂದವರಲ್ಲಿ ಹಲವರು ಮೊದಲ ತಿಂಗಳೇ ಮೀನು ಕಳೆದುಕೊಳ್ಳುತ್ತಾರೆ, ಕಾರಣ ಹೆಚ್ಚಾಗಿ ನೀರು. ಇಲ್ಲಿ ಹೇಳುವುದು ಬೋರ್ನಿಯೊದ ಸರವಾಕ್‌ನ ಬೆಟ್ಟಾ ಬ್ರೌನೋರಮ್ ಸಾಕುವ ಕ್ರಮ. 1992ರಲ್ಲಿ ಕುಚಿಂಗ್ ಸಮೀಪದ ಮಾತಂಗ್‌ನಿಂದ ವಿವರಿಸಲ್ಪಟ್ಟ, ನಾಲ್ಕು ಸೆಂಟಿಮೀಟರ್ ಆಸುಪಾಸಿನ, ವೈನ್ ಕೆಂಪಿನ ಮೀನು ಇದು. ಇದರ ಹತ್ತಿರದ ನೆಂಟರಾದ ಕೊಕ್ಸಿನಾ, ರುಟಿಲಾನ್ಸ್, ಹೆಂಡ್ರಾಗಳಿಗೂ ಇದೇ ಕ್ರಮ ಒಪ್ಪುತ್ತದೆ.

ಮೀನು ಹುಡುಕುವುದು

ಕಾಡಿನಿಂದ ಹಿಡಿದ ಮೀನು ಬೇಡ. ಬಳಲಿ, ಪರೋಪಜೀವಿ ಹೊತ್ತು ಬರುತ್ತದೆ, ಅಲ್ಲಿನ ಸಂಖ್ಯೆಯೂ ತಗ್ಗುತ್ತದೆ. ಸಾಕಿದವರ ಬಳಿ ಹುಟ್ಟಿದ ಮರಿಯನ್ನೇ ಕೇಳಿ. ಮಾರುವವರು ಪ್ರಭೇದದ ಹೆಸರಿನ ಜೊತೆ ಮೂಲ ಸ್ಥಳವನ್ನೂ ತಲೆಮಾರನ್ನೂ ಹೇಳಬೇಕು. ‘ಬ್ರೌನೋರಮ್, ಮಾತಂಗ್, ಎಫ್2’ ಎಂದರೆ ಕಾಡಿನಿಂದ ಬಂದ ಜೋಡಿಯ ಮೊಮ್ಮಕ್ಕಳು. ‘ವೈಲ್ಡ್ ಬೆಟ್ಟಾ, ಕೆಂಪು’ ಎಂದಷ್ಟೇ ಬರೆದಿದ್ದರೆ ಅದನ್ನು ಬಿಟ್ಟುಬಿಡಿ. ‘ಏಲಿಯನ್’ ಹೆಸರಲ್ಲಿ ಬರುವ ಮಿರುಗುವ ಮೀನುಗಳು ಹಲವು ಪ್ರಭೇದ ಬೆರೆಸಿ ಮಾಡಿದ ಮಿಶ್ರತಳಿ, ಚೆಂದ ಇರಬಹುದು, ಕಾಡು ಮೀನಲ್ಲ.

ಚಿತ್ರ ಕೇಳುವಾಗ ಗಂಡಿನ ಪಕ್ಕೆ ನೇರವಾಗಿ ಕಾಣುವ ಚಿತ್ರವನ್ನೇ ಕೇಳಿ. ಬ್ರೌನೋರಮ್‌ನ ನಡುಪಕ್ಕೆಯಲ್ಲಿ ಹೊಳೆಯುವ ದೊಡ್ಡ ಹಸಿರು ಮಚ್ಚೆಯಿರುತ್ತದೆ, ರುಟಿಲಾನ್ಸ್‌ನಲ್ಲಿ ಅದಿಲ್ಲ. ಹೆದರಿದ ಮೀನಿನಲ್ಲಿ ಬಣ್ಣ ಮಾಸಿ ಎರಡು ಕಪ್ಪು ಗೆರೆ ಮೂಡುವುದರಿಂದ ಚೀಲದೊಳಗಿನ ಮೀನಿನ ಚಿತ್ರ ನೋಡಿ ನಿರ್ಧರಿಸಬೇಡಿ. ಮರಿಗಳಲ್ಲಿ ಗಂಡು ಹೆಣ್ಣು ಗುರುತಿಸುವುದು ಕಷ್ಟ. ‘ಖಚಿತ ಜೋಡಿ’ಗೆ ದುಪ್ಪಟ್ಟು ದುಡ್ಡು ಕೊಡುವ ಬದಲು ಆರು ಮರಿ ತನ್ನಿ, ಬೆಳೆಯುತ್ತಾ ತಾವೇ ಜೋಡಿಯಾಗುತ್ತವೆ.

ತೊಟ್ಟಿ

ಒಂದು ಜೋಡಿಗೆ 30 ಸೆಂ.ಮೀ. ಘನದ ಗಾಜಿನ ತೊಟ್ಟಿ ಸಾಕು, ಆರು ಮರಿಗಳಿಗೆ 45×30×30. ಸಿಮೆಂಟ್ ತೊಟ್ಟಿ ಖಂಡಿತ ಬೇಡ, ಸುಣ್ಣ ಬಿಡುತ್ತದೆ. ಅಮೃತಶಿಲೆ ಚೂರು, ಚಿಪ್ಪು, ಹವಳಕ್ಕೂ ಇದೇ ಮಾತು. ಕಲ್ಲಿನ ಮೇಲೆ ವಿನೆಗರ್ ಹನಿಸಿ, ನೊರೆ ಬಂದರೆ ಹೊರಗಿಡಿ. ಮುಚ್ಚಳ ಬಿಗಿಯಾಗಿರಲಿ, ಏರ್ ಪೈಪ್ ಬರುವ ಸಂದಿಗೂ ಸ್ಪಾಂಜ್ ತುರುಕಿ. ಬೆರಳು ತೂರುವಷ್ಟು ಜಾಗದಲ್ಲಿ ಈ ಮೀನು ಹಾರಿ ಹೋಗುತ್ತದೆ. ನೀರಿನ ಮೇಲೆ ನಾಲ್ಕು ಸೆಂಟಿಮೀಟರ್ ಖಾಲಿ ಬಿಡಬೇಕು. ಬೆಟ್ಟಾ ಮೇಲೆ ಬಂದು ಗಾಳಿಯನ್ನೇ ಉಸಿರಾಡುವುದರಿಂದ ಅಲ್ಲಿನ ಗಾಳಿ ಬೆಚ್ಚಗೆ, ತೇವವಾಗಿ ಇರಬೇಕು. ಗುಳ್ಳೆ ಸಣ್ಣಗೆ ಬರುವಂತೆ ತಿರುಗಿಸಿಟ್ಟ ಒಂದು ಸ್ಪಾಂಜ್ ಫಿಲ್ಟರ್, ತೇಲುವ ಸಾಲ್ವೀನಿಯ ಗಿಡ, ಜಾವಾ ಮಾಸ್ ಪಾಚಿ, ಮಂದ ಬೆಳಕು ಇರಲಿ. ಹೊರಗೆ ತೂಗುಹಾಕುವ ಫಿಲ್ಟರ್‌ಗಳ ಸೆಳೆತ ಇವಕ್ಕೆ ಆಗದು.

ನೀರು: ಇಲ್ಲೇ ಎಡವುವುದು

ಗುರಿ ಹೀಗಿದೆ: ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) 20ರಿಂದ 50, ಕಾರ್ಬೊನೇಟ್ ಗಡಸುತನ (ಕೆಎಚ್) ಸೊನ್ನೆ, ಪಿಎಚ್ (ಆಮ್ಲತೆಯ ಅಳತೆ, 7ಕ್ಕಿಂತ ಇಳಿದಷ್ಟೂ ಆಮ್ಲೀಯ) 4.5ರಿಂದ 5.5, ಉಷ್ಣತೆ 24ರಿಂದ 26 ಡಿಗ್ರಿ, ಬಣ್ಣ ಹಾಲು ಹಾಕದ ತೆಳು ಚಹಾದ್ದು.

ಬೋರ್‌ವೆಲ್ ನೀರಿಗೆ ‘ಪಿಎಚ್ ಡೌನ್’ ದ್ರವ ಸುರಿದು ಈ ಗುರಿ ಮುಟ್ಟಲು ನೋಡುವುದು ಎಲ್ಲರೂ ಮಾಡುವ ಮೊದಲ ತಪ್ಪು. ಆ ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟ್ ಆಮ್ಲವನ್ನು ನುಂಗುತ್ತದೆ, ಪಿಎಚ್ ಇಳಿದಂತೆ ಕಂಡು ಮರುದಿನ ಮೇಲೇರುತ್ತದೆ. ಮತ್ತೆ ಸುರಿಯುತ್ತೀರಿ, ಮತ್ತೆ ಏರುತ್ತದೆ. ಈ ಏರಿಳಿತವೇ ಮೀನನ್ನು ಕೊಲ್ಲುತ್ತದೆ. ಆ ಬಾಟಲಿಗೆ ದುಡ್ಡು ಹಾಕಬೇಡಿ. ಗಡಸುತನವೇ ಇಲ್ಲದ ನೀರಿನಿಂದ ಶುರು ಮಾಡಿದರೆ ಆಮ್ಲತೆ ಎಲೆಯಿಂದಲೇ ಬರುತ್ತದೆ.

ಇಂಥ ಗಡಸುತನವಿಲ್ಲದ ‘ಸೊನ್ನೆ ನೀರಿಗೆ’ ಎರಡು ದಾರಿ. ಒಂದು, ಮನೆಯ ಆರ್‌ಒ. ಆದರೆ ಕುಡಿಯುವ ನೀರಿನ ಆರ್‌ಒ ಯಂತ್ರಗಳಲ್ಲಿ ರುಚಿಗೆಂದು ಸ್ವಲ್ಪ ಮೂಲ ನೀರು ಬೆರೆಸುವ ಟಿಡಿಎಸ್ ಕಂಟ್ರೋಲರ್ ಇರುತ್ತದೆ. ಕೆಲವಕ್ಕೆ ಖನಿಜ ಅಥವಾ ಆಲ್ಕಲೈನ್ ಕಾರ್ಟ್ರಿಡ್ಜ್ ಕೂಡ. ಇವೆರಡನ್ನೂ ತಪ್ಪಿಸಿ, ಮೆಂಬ್ರೇನ್‌ನಿಂದ ನೇರವಾಗಿ ಬರುವ ನೀರನ್ನು ಹಿಡಿಯಬೇಕು. ಟಿಡಿಎಸ್ ಮೀಟರ್ 20ರ ಒಳಗೆ ತೋರಿಸದಿದ್ದರೆ ಮೆಂಬ್ರೇನ್ ಸವೆದಿದೆ ಅಥವಾ ಮೂಲ ನೀರೇ ತೀರಾ ಗಡಸು. ಇನ್ನೊಂದು, ಮಳೆನೀರು. ಮಲೆನಾಡು, ಕರಾವಳಿಯವರಿಗೆ ಇದೇ ಒಳ್ಳೆಯದು. ಮೊದಲ ಮಳೆಗಳನ್ನು ಬಿಟ್ಟು, ಜೋರು ಮಳೆ ಶುರುವಾಗಿ ಇಪ್ಪತ್ತು ನಿಮಿಷ ಕಳೆದ ಮೇಲೆ, ಹೆಂಚಿನ ಮಾಡಿನಿಂದ ಪ್ಲಾಸ್ಟಿಕ್ ಡ್ರಮ್ಮಿಗೆ ಹಿಡಿಯಿರಿ. ಸತು ಲೇಪಿಸಿದ ತಗಡಿನ ಮಾಡಿನ ನೀರು ಬೇಡ. ಮೆದು ನೀರು ಸತುವನ್ನು ಕರಗಿಸಿಕೊಳ್ಳುತ್ತದೆ, ಅದು ಮೀನಿಗೆ ವಿಷ.

ಈಗ ಎಲೆ. ಕಾಡುಬಾದಾಮಿ ಎಲೆಯನ್ನು ಪ್ಯಾಕೆಟ್ಟಿನಲ್ಲಿ ದುಬಾರಿ ಬೆಲೆಗೆ ಮಾರುತ್ತಾರೆ. ನಮ್ಮ ಊರುಗಳ ರಸ್ತೆಬದಿ, ಶಾಲೆ ಅಂಗಳಗಳಲ್ಲಿ ಅದೇ ಮರ ಬೇಕಾದಷ್ಟಿದೆ. ತಾನಾಗಿ ಉದುರಿ ಕಂದುಗೆಂಪಾಗಿ ಒಣಗಿದ ಎಲೆ ಆರಿಸಿ, ಹಸಿರೆಲೆ ಕೊಳೆತು ನೀರು ಕೆಡಿಸುತ್ತದೆ. ಔಷಧಿ ಸಿಂಪಡಿಸುವ ತೋಟದ್ದು, ವಾಹನ ದಟ್ಟಣೆಯ ರಸ್ತೆಯದ್ದು ಬೇಡ. ತೊಳೆದು, ಮತ್ತೆ ಒಣಗಿಸಿ, ಇಪ್ಪತ್ತು ಲೀಟರ್ ಸೊನ್ನೆ ನೀರಿಗೆ ದೊಡ್ಡ ಎಲೆ ಐದಾರು ಹಾಕಿ. ಎಲೆಯಷ್ಟರಿಂದಲೇ ಪಿಎಚ್ ಸಾಮಾನ್ಯವಾಗಿ 6ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಇನ್ನೂ ಇಳಿಸಲು ಸ್ಫ್ಯಾಗ್ನಮ್ ಪೀಟ್ ಎರಡು ಹಿಡಿಯನ್ನು ಹಳೆಯ ಕಾಲುಚೀಲದಲ್ಲಿ ಕಟ್ಟಿ ಮುಳುಗಿಸಿ. ನರ್ಸರಿಯ ಪೀಟ್ ಕೊಳ್ಳುವಾಗ ಚೀಲದ ಮೇಲೆ ಓದಿ, ಸುಣ್ಣ ಅಥವಾ ಗೊಬ್ಬರ ಸೇರಿಸಿದ್ದರೆ ಬಿಡಿ. ಕೋಕೋಪೀಟ್ ತೆಂಗಿನ ನಾರಿನ ಪುಡಿ, ಪೀಟ್ ಅಲ್ಲವೇ ಅಲ್ಲ. ಅದರಲ್ಲಿ ಉಪ್ಪಿನಂಶ ಇರುತ್ತದೆ, ಟಿಡಿಎಸ್ ಏರುತ್ತದೆ.

ಎರಡು ವಾರ ಬಿಟ್ಟು ಅಳೆಯಿರಿ. ಅಳತೆಯಲ್ಲೂ ಮೋಸವಿದೆ. ಸಾಮಾನ್ಯ ದ್ರವ ಪರೀಕ್ಷೆಯ ಬಣ್ಣ 6ಕ್ಕೇ ನಿಂತುಬಿಡುತ್ತದೆ, ನೀರು 4.5 ಇದ್ದರೂ ಅದು ಹೇಳುವುದು 6. ಅಗ್ಗದ ಪಿಎಚ್ ಪೆನ್ನು ಲವಣವಿಲ್ಲದ ನೀರಿನಲ್ಲಿ ತಡಕಾಡುತ್ತದೆ. ಅದನ್ನು ಪಿಎಚ್ 4 ಮತ್ತು 7ರ ದ್ರಾವಣದಲ್ಲಿ ಸರಿಹೊಂದಿಸಿ, ನೀರಿನಲ್ಲಿಟ್ಟು ಅಂಕಿ ನಿಲ್ಲುವವರೆಗೆ ಕೆಲವು ನಿಮಿಷ ಕಾಯಿರಿ. ಹೆಚ್ಚು ನೆಚ್ಚಬಹುದಾದದ್ದು ಕೆಎಚ್ ಹನಿ ಪರೀಕ್ಷೆ, ಮೊದಲ ಹನಿಗೇ ಬಣ್ಣ ಬದಲಾಗಬೇಕು. ಇನ್ನೊಂದು ಗುರುತು ಬಸವನಹುಳು. ತೊಟ್ಟಿಯಲ್ಲಿ ಅದು ಗಟ್ಟಿ ಚಿಪ್ಪಿನೊಂದಿಗೆ ಮರಿ ಹಾಕುತ್ತಾ ಓಡಾಡಿಕೊಂಡಿದ್ದರೆ ನೀರಿನಲ್ಲಿ ಸುಣ್ಣ ಉಳಿದಿದೆ. ಸರಿಯಾದ ಕಪ್ಪುನೀರಿನಲ್ಲಿ (ಎಲೆಯ ಬಣ್ಣ ಬಿಟ್ಟ ಆಮ್ಲೀಯ ನೀರು) ಚಿಪ್ಪಿನ ತುದಿ ಬಿಳಿಚಿ, ಗುಳಿ ಬಿದ್ದು ಸವೆಯುತ್ತದೆ.

ಹಳಬರೂ ಮೀನು ಕಳೆದುಕೊಳ್ಳುವುದು ನೀರು ಬದಲಿಸುವಾಗ. ಇಷ್ಟು ಆಮ್ಲೀಯ ನೀರಿನಲ್ಲಿ ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾವನ್ನು ಮಾರ್ಪಡಿಸುವ ಬ್ಯಾಕ್ಟೀರಿಯಾ ಬಹಳ ನಿಧಾನ. (ಬಾಟಲಿ ಬ್ಯಾಕ್ಟೀರಿಯಾ ಇಲ್ಲಿ ದಂಡ.) ಆದರೂ ಮೀನು ಸಾಯುವುದಿಲ್ಲ, ಏಕೆಂದರೆ ಪಿಎಚ್ 5ರಲ್ಲಿ ಅಮೋನಿಯಾ ಹೆಚ್ಚುಕಡಿಮೆ ಪೂರ್ತಿ ಅಮೋನಿಯಂ ರೂಪದಲ್ಲಿದ್ದು ಅಷ್ಟು ಅಪಾಯವಿಲ್ಲದೆ ಕೂತಿರುತ್ತದೆ. ಅವಸರದಲ್ಲಿ ಅರ್ಧ ತೊಟ್ಟಿ ನಲ್ಲಿ ನೀರು ತುಂಬಿದಿರೋ, ಪಿಎಚ್ 7.5, 8ಕ್ಕೆ ಜಿಗಿಯುತ್ತದೆ. 8ರಲ್ಲಿ ವಿಷರೂಪದ ಪಾಲು 5ರಲ್ಲಿದ್ದದ್ದಕ್ಕಿಂತ ಸುಮಾರು ಸಾವಿರ ಪಟ್ಟು. ನೋಡಲು ತಿಳಿಯಾದ ನೀರಿನಲ್ಲಿ ಬೆಳಗಾಗುವಷ್ಟರಲ್ಲಿ ಮೀನು ಸತ್ತಿರುತ್ತದೆ. ಆದ್ದರಿಂದ ಹದ ಮಾಡಿದ ನೀರಿನ ಡ್ರಮ್ ಯಾವಾಗಲೂ ತುಂಬಿರಲಿ. ವಾರಕ್ಕೆ ನೂರಕ್ಕೆ ಹತ್ತು ಭಾಗ, ಅದರಿಂದಲೇ. ಆವಿಯಾದಷ್ಟನ್ನು ತುಂಬಲು ಮಾತ್ರ ಬರೀ ಸೊನ್ನೆ ನೀರು. ಸಾಲ್ವೀನಿಯ ಅಮೋನಿಯಂ ಹೀರುತ್ತದೆ, ಅದನ್ನು ಪೂರ್ತಿ ತೆಗೆದುಬಿಡಬೇಡಿ.

ಮೀನು ಬಿಡುವುದು, ಉಣಿಸುವುದು

ತೊಟ್ಟಿಯ ತಳಕ್ಕೆ ಮೂರು ನಾಲ್ಕು ಸೆಂಟಿಮೀಟರ್ ತರಗೆಲೆ ಹಾಸಿ. ಚೀಲದ ನೀರು, ಮೀನು ಎರಡನ್ನೂ ಡಬ್ಬಿಗೆ ಹಾಕಿ, ಏರ್ ಪೈಪಿಗೆ ಗಂಟು ಹಾಕಿ ತೊಟ್ಟಿಯ ನೀರನ್ನು ಹನಿಹನಿಯಾಗಿ ಎರಡು ಮೂರು ಗಂಟೆ ಬಿಟ್ಟು, ಮೀನನ್ನು ಮಾತ್ರ ಎತ್ತಿ ಬಿಡಿ. ಡಬ್ಬಿಗೂ ಮುಚ್ಚಳ ಇರಲಿ.

ಒಣ ಕಾಳನ್ನು ಇವು ಮುಟ್ಟುವುದು ಕಡಿಮೆ. ಜೀವಂತ ಆಹಾರ ಕೊಡಿ: ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿ) ಮರಿ, ಡಾಫ್ನಿಯಾ (ನೀರುಚಿಗಟ), ಗ್ರಿಂಡಲ್ ಹುಳು, ಸೊಳ್ಳೆಮರಿ. ಚರಂಡಿ ಮೂಲದ ಟ್ಯೂಬಿಫೆಕ್ಸ್ ಹುಳು ರೋಗ ತರುತ್ತದೆ. ಮೈಮೇಲೆ ಚಿನ್ನದ ಪುಡಿ ಉದುರಿಸಿದಂತೆ ಕಂಡರೆ ವೆಲ್ವೆಟ್ ರೋಗ, ಕತ್ತಲಲ್ಲಿ ಓರೆಯಾಗಿ ಟಾರ್ಚ್ ಬಿಟ್ಟು ನೋಡಿದರೆ ಬೇಗ ಗೊತ್ತಾಗುತ್ತದೆ. ತಾಮ್ರದ ಔಷಧಿ ಹಾಕಬೇಡಿ, ಮೆದು ಆಮ್ಲೀಯ ನೀರಿನಲ್ಲಿ ಅದು ಮೀನನ್ನೂ ಮುಗಿಸುತ್ತದೆ. ರೋಗದ ಮೀನನ್ನು ಬೇರೆ ಮಾಡಿ, ಡಬ್ಬಿಗೆ ಬಟ್ಟೆ ಸುತ್ತಿ ಕತ್ತಲಲ್ಲಿಟ್ಟು, ಅಕ್ರಿಫ್ಲೇವಿನ್‌ನಿಂದ ಉಪಚರಿಸಿ.

ಮರಿ

ತೇಲುವ ಎಲೆಯಡಿ, ಅಥವಾ ನೀರಿನ ಮಟ್ಟಕ್ಕೆ ಅಡ್ಡಲಾಗಿ ಇಟ್ಟ ಪಿವಿಸಿ ಪೈಪ್ ತುಂಡಿನೊಳಗೆ ಗಂಡು ನೊರೆಗೂಡು ಕಟ್ಟುತ್ತದೆ. ಅಂಗಡಿ ಬೆಟ್ಟಾದಂತೆ ನೂರಾರು ಮೊಟ್ಟೆ ನಿರೀಕ್ಷಿಸಬೇಡಿ. ಒಂದೆರಡು ದಿನಕ್ಕೆ ಮೊಟ್ಟೆ ಒಡೆದು, ಮತ್ತೆ ಎರಡು ಮೂರು ದಿನಕ್ಕೆ ಮರಿ ಈಜುತ್ತದೆ. ಹೊಟ್ಟೆ ತುಂಬಿದ ತಂದೆತಾಯಿ ಈ ಗುಂಪಿನಲ್ಲಿ ಮರಿಗಳನ್ನು ಅಷ್ಟಾಗಿ ತಿನ್ನುವುದಿಲ್ಲ. ಗೂಡು ಕದಲಿಸದೆ ಹಾಗೇ ಬಿಟ್ಟರೆ ತರಗೆಲೆಯ ಸೂಕ್ಷ್ಮಜೀವಿ ತಿಂದೇ ಕೆಲವು ಬೆಳೆಯುತ್ತವೆ. ಹೆಚ್ಚು ಉಳಿಸಬೇಕೆಂದರೆ ವಿನೆಗರ್ ಹುಳು, ನಂತರ ಆಗತಾನೆ ಒಡೆದ ಆರ್ಟೀಮಿಯಾ.

ಹೆಚ್ಚಾದ ಮರಿಯನ್ನು ಹಳ್ಳಕ್ಕೋ ಕೆರೆಗೋ ಬಿಡಬೇಡಿ. ದಕ್ಷಿಣ ಭಾರತದ ನೀರಿನಲ್ಲಿ ಬೆಟ್ಟಾದ ದೂರದ ನೆಂಟ ಸ್ಯೂಡೋಸ್ಫ್ರೊಮೆನಸ್ ಇದೆ, ಹೊರಗಿನ ಮೀನಿನ ರೋಗ ಅದಕ್ಕೆ ತಗುಲಬಾರದು. ಬ್ರೌನೋರಮ್ ಮತ್ತು ಅದರ ನೆಂಟರು ಸೇರಿದ ಕೊಕ್ಸಿನಾ ಗುಂಪಿನ ಎರಡು ಪ್ರಭೇದಗಳನ್ನು ಒಂದೇ ತೊಟ್ಟಿಯಲ್ಲಿ ಇಡಲೂಬೇಡಿ, ಬೆರೆತ ಮರಿಯನ್ನು ಆಮೇಲೆ ಬೇರ್ಪಡಿಸಿ ಗುರುತಿಸಲಾಗದು. ಮರಿಗಳನ್ನು ಬೇರೆ ಸಾಕುವವರಿಗೆ ಕೊಡುವಾಗ ಪ್ರಭೇದ, ಮೂಲ ಸ್ಥಳ, ತಲೆಮಾರು, ನಿಮ್ಮ ತೊಟ್ಟಿಯ ಟಿಡಿಎಸ್ ಮತ್ತು ಪಿಎಚ್ ಬರೆದ ಚೀಟಿಯನ್ನು ಚೀಲಕ್ಕೇ ಅಂಟಿಸಿ ಕಳಿಸಿ.