ರಾಣಿ ಕುಂಟಿದ್ದು ಯಾಕೆ?

ಹೊಸ ಲಾಳ ಕಟ್ಟಿಸಿ ಮೂರನೇ ದಿನಕ್ಕೆ ನಮ್ಮ ರಾಣಿ ಮುಂದಿನ ಎಡಗಾಲು ಊರಲು ಹಿಂದೇಟು ಹಾಕಿದಳು. ಮೈಸೂರಿನ ಡಾಂಬರು ರಸ್ತೆಯಲ್ಲಿ ಟಾಂಗಾ ಎಳೆಯುವ ಕುದುರೆ, ಭುಜ ಉಳುಕಿರಬೇಕು ಅಂತ ಎಣ್ಣೆ ತಿಕ್ಕಿದೆ. ಸುಮ್ನೆ ಎರಡು ದಿನ ಹಾಳು.

ಗೊರಸು ಮುಟ್ಟಿದಾಗ ಗೊತ್ತಾಯಿತು. ಉಳಿದ ಮೂರು ತಣ್ಣಗಿದ್ದವು, ಇದು ಮಾತ್ರ ಬಿಸಿ. ಮೊಳೆಗಳ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ಒಂದೊಂದಾಗಿ ತಟ್ಟುತ್ತಾ ಬಂದೆ. ಒಳಮಗ್ಗುಲಿನ ಎರಡನೆಯದಕ್ಕೆ ಕಾಲು ಕಿತ್ತುಕೊಂಡಳು.

ಲಾಳ ಕಟ್ಟುವ ಬೇರೊಬ್ಬ ಹಿರಿಯರನ್ನು ಕರೆಸಿದೆ. ಅವರು ಲಾಳವನ್ನು ಒಮ್ಮೆಲೇ ಕೀಳಲಿಲ್ಲ. ಗೊರಸಿನ ಹೊರಗೆ ಮಡಿಸಿದ ಮೊಳೆ ತುದಿಗಳನ್ನು ನೇರ ಮಾಡಿ, ಒಂದೊಂದೇ ಮೊಳೆ ಎಳೆದು ಮೂಸಿ ನೋಡಿದರು. ಆ ಎರಡನೆಯದು ಒದ್ದೆ, ಕೊಳೆತ ನಾತ. "ಬಿಳಿ ಗೆರೆ ದಾಟಿ ಒಳಗೆ ಹೋಗಿದೆ ನೋಡಪ್ಪ" ಅಂದರು. ಗೊರಸಿನ ತಳದಲ್ಲಿ ಅಂಚಿನ ಗುಂಟ ಆ ಗೆರೆ ಇರುತ್ತದೆ. ಮೊಳೆ ಅದರ ಹೊರಗೇ ಇರಬೇಕು, ಒಳಗಿರುವುದು ಜೀವ ಇರುವ ಭಾಗ.

ಪಶುವೈದ್ಯರು ತೂತು ಸ್ವಲ್ಪ ಅಗಲ ಮಾಡಿದ್ದೇ ಕಪ್ಪು ಕೀವು ಇಳಿಯಿತು. ಧನುರ್ವಾಯು ಇಂಜೆಕ್ಷನ್ ಕೊಟ್ಟರು. ಇದನ್ನು ಮಾತ್ರ ಮರೆಯಬೇಡಿ, ಕುದುರೆಗೆ ಅದು ಬೇಗ ತಗಲುತ್ತದೆ. ದಿನಕ್ಕೆ ಎರಡು ಸಲ ಬೆಚ್ಚನೆ ನೀರಿಗೆ ಎಪ್ಸಮ್ ಉಪ್ಪು ಹಾಕಿ ಕಾಲು ನೆನೆಸಿದೆ. ಬಕೆಟ್ಟನ್ನು ಮೂರು ಸಲ ಒದ್ದಳು, ಕೊನೆಗೆ ರಬ್ಬರ್ ಬಾಂಡ್ಲಿ ತಂದೆ.

ನಾಲ್ಕನೇ ದಿನ ಕಾಲೂರಿದಳು. ಗಾಯ ಪೂರ್ತಿ ಒಣಗಿದ ಮೇಲೆ, ಆ ಜಾಗ ಬಿಟ್ಟು ಲಾಳ ಕಟ್ಟಿಸಿದೆ. ಈಗ ಆರು ವಾರಕ್ಕೊಮ್ಮೆ ಲಾಳ ಬಿಚ್ಚಿಸಿ ಗೊರಸು ಕತ್ತರಿಸುತ್ತೇವೆ. ಮೊಳೆ ಹೊಡೆಯುವಾಗ ನಾನು ಪಕ್ಕದಲ್ಲೇ ನಿಂತಿರುತ್ತೇನೆ.