ಅಜ್ಜನ ರೆಕಾರ್ಡಿನ ಬೂಷ್ಟು ತೆಗೆದಿದ್ದು ಹೀಗೆ

ಶಿರಸಿಯ ಮಳೆಗಾಲ ಗೊತ್ತಲ್ವಾ, ಚಪ್ಪಲಿಗೂ ಬೂಷ್ಟು ಬರುತ್ತದೆ. ಅಟ್ಟದ ಮೇಲಿದ್ದ ಅಜ್ಜನ ಎಲ್‌ಪಿ ರೆಕಾರ್ಡುಗಳನ್ನು (ಸೂಜಿ ಇಟ್ಟು ಹಾಡು ಕೇಳುವ ಹಳೇ ತಟ್ಟೆಗಳು) ಇಳಿಸಿ ನೋಡಿದರೆ ಮೈಯೆಲ್ಲ ಬಿಳಿ ಚುಕ್ಕೆ, ಸೂಜಿ ಇಟ್ಟರೆ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಚಟಪಟ.

ಮೊದಲು ದೊಡ್ಡ ಪ್ರಯೋಗಕ್ಕೇ ಕೈ ಹಾಕಿದೆ. ಮರಕ್ಕೆ ಹಚ್ಚುವ ಬಿಳಿ ಅಂಟನ್ನು ರೆಕಾರ್ಡಿಗೆ ದಪ್ಪಗೆ ಬಳಿದು, ಪೂರ್ತಿ ಒಣಗಿದ ಮೇಲೆ ಸಿಪ್ಪೆಯ ಹಾಗೆ ಎಳೆದರೆ ಗೆರೆಗಳೊಳಗಿನ ಕೊಳೆ ಅದರ ಜೊತೆ ಬರುತ್ತದೆ. ಬರುವುದು ನಿಜ. ಆದರೆ ಆಷಾಢದಲ್ಲಿ ಅಂಟು ಒಣಗಬೇಕಲ್ಲ! ಎರಡು ದಿನವಾದರೂ ನಡುವೆ ಹಸಿ, ಎಳೆದಾಗ ತುಂಡಾಗಿ ಅಂಚಿನಲ್ಲೇ ಉಳಿಯಿತು. ಆಯಿ ನೋಡಿ, "ಇದೆಂತ ತಮಾ, ಹಪ್ಪಳನಾ?" ಅಂದಳು.

ಕೊನೆಗೆ ಕೆಲಸ ಮಾಡಿದ್ದು ಡಿಸ್ಟಿಲ್ಡ್ ವಾಟರ್, ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ, ಮೈಕ್ರೋಫೈಬರ್ ಬಟ್ಟೆ. ಅಷ್ಟೇ. ಬಾವಿ ನೀರು ಬೇಡ, ಒಣಗಿದಾಗ ಅದರ ಉಪ್ಪಿನಂಶ ಗೆರೆಯಲ್ಲೇ ಕೂರುತ್ತದೆ. ಗೆರೆ ಸುತ್ತುವ ದಿಕ್ಕಿನಲ್ಲೇ ಮೆಲ್ಲಗೆ ಒರೆಸಿ, ನಡುವಿನ ಲೇಬಲ್ಲಿಗೆ ನೀರು ತಾಗಿಸಬೇಡಿ. ಆಮೇಲೆ ಬರೀ ನೀರಿನಲ್ಲಿ ಇನ್ನೊಂದು ಸಲ. ಸೋಪು ಉಳಿದರೆ ಸೂಜಿಗೆ ಮೆತ್ತುತ್ತದೆ. ಪಾತ್ರೆ ಸ್ಟ್ಯಾಂಡಿನಲ್ಲಿ ತಟ್ಟೆಯ ಹಾಗೆ ನಿಲ್ಲಿಸಿ ಒಣಗಿಸಿದೆ. ಹಳೇ ಒಳಕವರ್ ಎಸೆದೆ, ಬೂಷ್ಟು ಅಲ್ಲೂ ಇತ್ತು.

78 ಆರ್‌ಪಿಎಂನ (ನಿಮಿಷಕ್ಕೆ 78 ಸುತ್ತು ತಿರುಗುವ) ಹಳೇ ಶೆಲ್ಲಾಕ್ ತಟ್ಟೆಗೆ ಮಾತ್ರ ಸ್ಪಿರಿಟ್ ಹಚ್ಚಬೇಡಿ, ಅದು ಅರಗು, ಕರಗುತ್ತದೆ. ಈಗ ಚಟಪಟ ಬಹಳ ಕಡಿಮೆ. ಒಂದರಲ್ಲಿ ಗೀಚು ಬಿದ್ದು ಟಕ್ ಟಕ್ ಅನ್ನುತ್ತದೆ, ಅದು ತೊಳೆದರೆ ಹೋಗುವಂಥದ್ದಲ್ಲ.