ಹಳೇಬೀಡಿನ ಗರುಡಗಂಬ ನೋಡುವುದು ಹೇಗೆ?

ಹೊಯ್ಸಳೇಶ್ವರ ಗುಡಿ ನೋಡಿದ ಮೇಲೆ ಸೀದಾ ಹಾಸನದ ಬಸ್ ಹತ್ತಬೇಡಿ. ಗುಡಿಯ ದಕ್ಷಿಣಕ್ಕೆ ಬಂದು ಗರುಡಗಂಬ ಹುಡುಕಿ.

ಗರುಡ ಅಂದರೆ ಇಲ್ಲಿ ಹಕ್ಕಿಯಲ್ಲ, ದೋರಸಮುದ್ರದ (ಹಳೇಬೀಡಿನ ಹಳೆಯ ಹೆಸರು) ಆಸ್ಥಾನದಲ್ಲಿ ರಾಜನ ಜೊತೆಗೇ ಸಾಯುತ್ತೇನೆ ಎಂದು ಮಾತು ಕೊಟ್ಟು ಕಾವಲಿಗೆ ನಿಂತವನು. ಮೊದಲು ಕಂಬದ ಸಣ್ಣ ಶಿಲ್ಪಗಳನ್ನು ಹತ್ತಿರದಿಂದ ನೋಡಿ. ಕತ್ತಿಯಿಂದ ತಮ್ಮ ತಲೆಯನ್ನೇ ಕಡಿದುಕೊಳ್ಳುತ್ತಿರುವ ವೀರರು ಕಾಣುತ್ತಾರೆ. ನನಗಂತೂ ಗುಡಿಯ ಗೋಡೆಗಳಿಗಿಂತ ಇದೇ ಜಾಸ್ತಿ ತಟ್ಟುತ್ತದೆ.

ಆಮೇಲೆ ಶಾಸನ. ಹಳೆಯ ಲಿಪಿ ಓದಲು ಬರದಿದ್ದರೂ ಕತೆ ಗೊತ್ತಿರಲಿ: 1220ರಲ್ಲಿ ಹೊಯ್ಸಳ ರಾಜ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಅವನ ಗರುಡ ಕುವರ ಲಕ್ಷ್ಮ, ಲಕ್ಷ್ಮನ ಹೆಂಡತಿ ಸುಗ್ಗಲದೇವಿ ಮತ್ತು ಸಾವಿರ ಭಟರು ಪ್ರಾಣ ಕೊಟ್ಟರು.

ಇನ್ನೂ ನೋಡಬೇಕೆನಿಸಿದರೆ ಕೆ.ಆರ್. ಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಗೆ ಹೋಗಿ. ಅಲ್ಲೂ ಗರುಡಗಂಬಗಳಿವೆ.